ಕರ್ನಲ್ ಅಪ್‌ಡೇಟ್ ಆದ ಮೇಲೆ ಹೈಬರ್ನೇಟ್ ಆಗುತ್ತಿಲ್ಲ: ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ?

ನೀವು ಬರೆದಿರುವುದು ಇಷ್ಟು: 16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಇದೆ, ಸ್ವಾಪ್‌ಗೆ (ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಇಡುವ ಡಿಸ್ಕಿನ ಜಾಗ) ಪ್ರತ್ಯೇಕ ವಿಭಾಗವಿದೆ, ಹೈಬರ್ನೇಟ್ (ರ‍್ಯಾಮ್‌ನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಯಂತ್ರ ಆರಿಸುವುದು) ಈವರೆಗೆ ತೊಂದರೆ ಕೊಟ್ಟಿರಲಿಲ್ಲ. ಕರ್ನಲ್ (ಯಂತ್ರಾಂಶವನ್ನು ನಡೆಸುವ, ಲಿನಕ್ಸ್‌ನ ತಿರುಳು) ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪಾಗಿ ಕೆಲವೇ ಸೆಕೆಂಡುಗಳಲ್ಲಿ ಲಾಗಿನ್‌ಗೆ ಮರಳುತ್ತದೆ. ಅಪರೂಪಕ್ಕೆ ಯಂತ್ರ ಪೂರ್ತಿ ಆರಿದರೂ, ಮತ್ತೆ ಆನ್ ಮಾಡಿದಾಗ ತೆರೆದಿಟ್ಟ ಕೆಲಸವೆಲ್ಲ ಹೋಗಿ ಹೊಸದಾಗಿ ಬೂಟ್ ಆಗುತ್ತದೆ. ಸ್ವಾಪ್ ಹೆಚ್ಚಿಸಿದ್ದೂ ಫಲ ಕೊಟ್ಟಿಲ್ಲ.

ನೀವು ಒಂದೇ ತೊಂದರೆ ಎಂದುಕೊಂಡಿರುವುದು ಬಹುಶಃ ಎರಡು. ಲಾಗಿನ್‌ಗೆ ಮರಳುತ್ತಿದೆಯೆಂದರೆ ಮಲಗುವ ಹಾದಿಯಲ್ಲೇ ಏನೋ ಎಡವಿ, ಕರ್ನಲ್ ಮಾಡಿದ್ದನ್ನೆಲ್ಲ ಹಿಂದೆಗೆದುಕೊಂಡು ಎದ್ದಿದೆ ಎಂದರ್ಥ. ಹೊಸದಾಗಿ ಬೂಟ್ ಆಗುತ್ತಿದೆಯೆಂದರೆ ಏಳುವ ಹಾದಿಯಲ್ಲಿ ಉಳಿಸಿಟ್ಟ ಚಿತ್ರ, ಅಂದರೆ ರ‍್ಯಾಮ್‌ನ ಪ್ರತಿ, ಸಿಕ್ಕಿಲ್ಲ ಅಥವಾ ತಿರಸ್ಕೃತವಾಗಿದೆ. ಇವೆರಡಕ್ಕೂ ಬೇರೆ ಬೇರೆ ಮದ್ದು. ಯಾವ ಹಂತದಲ್ಲಿ ನಿಂತಿತು ಎಂದು ತಿಳಿಯುವ ಮೊದಲು ಅಲ್ಲಿ ಇಲ್ಲಿ ಸಿಕ್ಕ ಸೆಟ್ಟಿಂಗ್‌ಗಳನ್ನು ಬದಲಿಸಿದರೆ ಮೂಲ ದೋಷದ ಮೇಲೆ ಇನ್ನೆರಡು ಹೊಸ ದೋಷಗಳು ಕೂರುತ್ತವೆ.

ಮೊದಲು, ದೋಷ ನಿಜವಾಗಿಯೂ ಕರ್ನಲ್‌ನದೇ ಎಂದು ಖಚಿತಪಡಿಸಿಕೊಳ್ಳಿ. ಯಂತ್ರ ಆನ್ ಆದಾಗ ಬರುವ ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಳೆಯ ಕರ್ನಲ್ ಇನ್ನೂ ಇರುತ್ತದೆ. ಬೇರೇನನ್ನೂ ಮುಟ್ಟದೆ ಅದರಿಂದ ಬೂಟ್ ಮಾಡಿ ಹೈಬರ್ನೇಟ್ ಮಾಡಿ ನೋಡಿ. ಅದರಲ್ಲಿಯೂ ಕೆಟ್ಟರೆ ಕರ್ನಲ್ ನಿರಪರಾಧಿ. ಅಂಥ ಸಂದರ್ಭದಲ್ಲಿ ನಾನು ಮೊದಲು ನೋಡುವುದು /ಸಿಸ್/ಪವರ್/ಡಿಸ್ಕ್ ಎಂಬ ಕಡತವನ್ನು. ಅದರಲ್ಲಿ ಪ್ಲಾಟ್‌ಫಾರ್ಮ್, ಶಟ್‌ಡೌನ್, ರೀಬೂಟ್ ಮೊದಲಾದ ಪದಗಳ ಬದಲು ‘ಡಿಸೇಬಲ್ಡ್’ ಎಂದಷ್ಟೇ ಇದ್ದರೆ ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶದಿಂದ ಮಾತ್ರ ಬೂಟ್ ಆಗಗೊಡುವ ವ್ಯವಸ್ಥೆ) ಆನ್ ಆಗಿರುವ ಸಂಭವ ಹೆಚ್ಚು. 2019ರಲ್ಲಿ 5.4ನೆಯ ಆವೃತ್ತಿಯೊಂದಿಗೆ ಮುಖ್ಯ ಕರ್ನಲ್‌ಗೆ ಸೇರಿದ ಲಾಕ್‌ಡೌನ್ ವ್ಯವಸ್ಥೆ, ಡಿಸ್ಕಿನಲ್ಲಿರುವ ಚಿತ್ರವನ್ನು ಯಾರಾದರೂ ತಿದ್ದಿರಬಹುದೆಂಬ ಕಾರಣಕ್ಕೆ ಹೈಬರ್ನೇಷನ್ ಅನ್ನೇ ತಡೆಯುತ್ತದೆ, ಮತ್ತು ಉಬುಂಟು, ಡೆಬಿಯನ್, ಫೆಡೋರಾಗಳ ಕರ್ನಲ್‌ಗಳು ಸೆಕ್ಯೂರ್ ಬೂಟ್ ಕಂಡೊಡನೆ ಲಾಕ್‌ಡೌನ್ ಜಾರಿಗೆ ತರುತ್ತವೆ. ಬಯಾಸ್ (ಯಂತ್ರದಲ್ಲೇ ಇದ್ದು ಎಲ್ಲಕ್ಕೂ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಾಗ ಸೆಕ್ಯೂರ್ ಬೂಟ್ ತಾನಾಗಿ ಮರಳಿ ಆನ್ ಆಗುವುದುಂಟು; ಅದು ಕರ್ನಲ್ ಅಪ್‌ಡೇಟ್ ಆದ ವಾರವೇ ನಡೆದರೆ ಜನ ಕರ್ನಲ್ ಅನ್ನು ಬೈಯುತ್ತಾರೆ.

ಹಳೆಯ ಕರ್ನಲ್‌ನಲ್ಲಿ ಸರಿಯಾಗಿ ನಡೆದರೆ ಮುಂದಿನ ಕೆಲಸಕ್ಕೆ ಅರ್ಥವಿದೆ. ಹೈಬರ್ನೇಟ್ ಕೊಟ್ಟಾಗ ಕರ್ನಲ್ ಮೊದಲು ಎಲ್ಲ ಪ್ರೋಗ್ರಾಮ್‌ಗಳನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ, ಚಿತ್ರಕ್ಕೆ ಬೇಕಾದ ಜಾಗವನ್ನು ರ‍್ಯಾಮ್‌ನಲ್ಲಿ ಕಾದಿರಿಸುತ್ತದೆ, ಸಾಧನಗಳನ್ನು ನಿಲ್ಲಿಸುತ್ತದೆ, ಒಂದನ್ನು ಬಿಟ್ಟು ಉಳಿದ ಸಿಪಿಯು ಕೋರ್‌ಗಳನ್ನು ಆರಿಸುತ್ತದೆ, ಆಮೇಲೆ ರ‍್ಯಾಮ್‌ನ ಪ್ರತಿ ತೆಗೆಯುತ್ತದೆ. ಆ ಪ್ರತಿಯನ್ನು ಡಿಸ್ಕಿಗೆ ಬರೆಯಬೇಕಾದ್ದರಿಂದ ಸಾಧನಗಳನ್ನು ಮತ್ತೊಮ್ಮೆ ಎಬ್ಬಿಸಿ, ಬರೆದು ಮುಗಿಸಿ, ಕೊನೆಗೆ ಯಂತ್ರವನ್ನು ಆರಿಸುತ್ತದೆ. ಸಾಧನಗಳನ್ನು ನಡೆಸುವ ಡ್ರೈವರ್‌ಗಳ ಪಾಲಿಗೆ ಈ ನಿಲ್ಲಿಸಿ ಎಬ್ಬಿಸುವ ಕೆಲಸವೇ ಅಗ್ನಿಪರೀಕ್ಷೆ.

ಈ ಹಂತಗಳನ್ನು ಒಂದೊಂದಾಗಿ ಪರೀಕ್ಷಿಸುವ ಅನುಕೂಲ ಕರ್ನಲ್‌ನಲ್ಲೇ ಇದ್ದರೂ ಬಹಳ ಜನಕ್ಕೆ ಅದು ಗೊತ್ತಿಲ್ಲ. /ಸಿಸ್/ಪವರ್/ಪಿಎಂ_ಟೆಸ್ಟ್ ಎಂಬ ಕಡತಕ್ಕೆ ಫ್ರೀಜರ್, ಡಿವೈಸಸ್, ಪ್ಲಾಟ್‌ಫಾರ್ಮ್, ಪ್ರೊಸೆಸರ್ಸ್, ಕೋರ್ ಎಂಬ ಐದು ಪದಗಳಲ್ಲಿ ಒಂದನ್ನು ಬರೆದು, ಆಮೇಲೆ /ಸಿಸ್/ಪವರ್/ಸ್ಟೇಟ್‌ಗೆ ಡಿಸ್ಕ್ ಎಂದು ಬರೆದರೆ, ಕರ್ನಲ್ ಆ ಹಂತದವರೆಗೆ ಮಾತ್ರ ಹೋಗಿ 5 ಸೆಕೆಂಡು ಕಾದು ಹಿಂದಿರುಗುತ್ತದೆ. (ರೂಟ್, ಅಂದರೆ ನಿರ್ವಾಹಕ, ಅಧಿಕಾರ ಕೊಡುವ ಸುಡೋ ಆಜ್ಞೆಯೊಂದಿಗೆ ಸುಡೋ ಎಕೋ ಎಂದು ಕೊಟ್ಟು > ಚಿಹ್ನೆಯಿಂದ ಕಡತಕ್ಕೆ ಬರೆದರೆ ಅನುಮತಿಯಿಲ್ಲ ಎಂಬ ಉತ್ತರ ಬರುತ್ತದೆ, ಏಕೆಂದರೆ ಕಡತವನ್ನು ತೆರೆಯುವುದು ಆಜ್ಞೆಗಳನ್ನು ಓದಿ ನಡೆಸುವ ನಿಮ್ಮ ಶೆಲ್ಲೇ ಹೊರತು ಸುಡೋ ಅಲ್ಲ; ಎಕೋವಿನ ಫಲಿತವನ್ನು ಸುಡೋ ಟೀ ಕಡೆಗೆ ಪೈಪ್ ಮಾಡಿ, ಇಲ್ಲವೇ ರೂಟ್ ಶೆಲ್‌ನಲ್ಲಿಯೇ ಕೆಲಸ ಮಾಡಿ.) ಮೇಲಿನ ಕ್ರಮದಲ್ಲಿಯೇ ಹೋಗಿ. ಪ್ರತಿ ಹಂತವನ್ನೂ ಹಲವು ಬಾರಿ ಮಾಡಿ, ಏಕೆಂದರೆ ಇಂಥ ದೋಷಗಳು ಪ್ರತಿ ಸಲವೂ ಮುಖ ತೋರಿಸುವುದಿಲ್ಲ. ಮುಗಿದ ಮೇಲೆ ಅದೇ ಕಡತಕ್ಕೆ ನನ್ (ಯಾವ ಪರೀಕ್ಷೆಯೂ ಇಲ್ಲ ಎಂಬ ಅರ್ಥದ ಪದ) ಎಂದು ಬರೆಯುವುದನ್ನು ಮರೆಯಬೇಡಿ.

ಫ್ರೀಜರ್ ಹಂತದಲ್ಲಿ ಬಿದ್ದರೆ, ಯಾವುದೋ ಒಂದು ಕಾರ್ಯ ನಿಲ್ಲಲು ಒಪ್ಪುತ್ತಿಲ್ಲ. ಕರ್ನಲ್ 20 ಸೆಕೆಂಡು ಕಾದು, ಆ ಕಾರ್ಯದ ಹೆಸರನ್ನು ಲಾಗ್‌ನಲ್ಲಿ ಬರೆದು ಬಿಟ್ಟುಕೊಡುತ್ತದೆ. ಸರ್ವರ್ ಕೈಗೆ ಸಿಗದ ಎನ್‌ಎಫ್‌ಎಸ್ (ಜಾಲದ ಮೂಲಕ ಬಳಸುವ) ಫೋಲ್ಡರ್ ಅಥವಾ ಫ್ಯೂಸ್ (ಸಾಮಾನ್ಯ ಪ್ರೋಗ್ರಾಮ್ ನಡೆಸುವ ಕಡತವ್ಯವಸ್ಥೆಯ) ಮೌಂಟ್ ಇದಕ್ಕೆ ಸಾಮಾನ್ಯ ಕಾರಣ.

ನೀವು ಹೇಳಿದ ಲಕ್ಷಣ ನೋಡಿದರೆ ನನ್ನ ಅನುಮಾನ ಡಿವೈಸಸ್ ಹಂತದ ಮೇಲೆಯೇ. ಇಲ್ಲಿ ಬಿದ್ದರೆ ಡಿಮೆಸ್ಜ್ (ಕರ್ನಲ್‌ನ ಲಾಗ್) ತೆರೆದು ‘ಫೇಲ್ಡ್ ಟು ಫ್ರೀಜ್’ ಎಂಬ ಮಾತನ್ನು ಹುಡುಕಿ. ನನ್ನದೊಂದು ಯಂತ್ರದಲ್ಲಿ ಆ ಸಾಲಿನ ಆರಂಭದಲ್ಲಿ ವೈಫೈ ಡ್ರೈವರ್‌ನ ಹೆಸರು, ಪಕ್ಕದಲ್ಲಿ 0000:02:00.0 ಎಂಬ ವಿಳಾಸ, ಕೊನೆಯಲ್ಲಿ ‘ಎರರ್ -110’ ಎಂದಿತ್ತು. ವಿಳಾಸವನ್ನು ಎಲ್‌ಎಸ್‌ಪಿಸಿಐ ಆಜ್ಞೆ ಕೊಡುವ ಸಾಧನಗಳ ಪಟ್ಟಿಯೊಂದಿಗೆ ತಾಳೆ ನೋಡಿದರೆ ಸಾಧನ ಯಾವುದೆಂದು ತಿಳಿಯುತ್ತದೆ. ಸಂಖ್ಯೆಯೂ ಸುಮ್ಮನೆ ಬಂದದ್ದಲ್ಲ: -110 ಎಂದರೆ ಕಾದರೂ ಸಾಧನ ಉತ್ತರಿಸಲಿಲ್ಲ, -16 ಎಂದರೆ ಬೇರೆ ಕೆಲಸದಲ್ಲಿದೆ, -5 ಎಂದರೆ ಓದುಬರಹದಲ್ಲಿ ದೋಷ, -12 ಎಂದರೆ ಮೆಮೊರಿ ಸಾಲದು. ಆ ಡ್ರೈವರ್‌ನ ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸಿ ತೆಗೆಯಬಹುದಾದ ತುಣುಕು) ಅನ್ನು ಮಾಡ್‌ಪ್ರೋಬ್‌ನಿಂದ ಇಳಿಸಿ ಮತ್ತೆ ಅದೇ ಪರೀಕ್ಷೆ ಮಾಡಿದಾಗ ಎಲ್ಲವೂ ಸುಗಮವಾಗಿ ನಡೆಯಿತು. ಹೀಗೆ ಹೆಸರು ನೇರವಾಗಿ ಸಿಗದಿದ್ದರೆ ಇಳಿಸಬಹುದಾದ ಡ್ರೈವರ್‌ಗಳಲ್ಲಿ ಅರ್ಧವನ್ನು ಇಳಿಸಿ, ಪರೀಕ್ಷಿಸಿ, ಮತ್ತೆ ಅದರ ಅರ್ಧ ಎಂದು ಹೋಗಬೇಕು. /ಸಿಸ್/ಪವರ್/ಪಿಎಂ_ಅಸಿಂಕ್‌ಗೆ 0 ಬರೆದರೆ ಸಾಧನಗಳು ಒಟ್ಟಿಗೆ ನಿಲ್ಲದೆ ಸಾಲಾಗಿ ನಿಲ್ಲುತ್ತವೆ. ಆಗ ಲಾಗ್ ಓದುವುದು ಸುಲಭ.

ತಾತ್ಕಾಲಿಕ ಪರಿಹಾರ ಬೇಕಿದ್ದರೆ /ಯುಎಸ್‌ಆರ್/ಲಿಬ್/ಸಿಸ್ಟಂಡಿ/ಸಿಸ್ಟಂ-ಸ್ಲೀಪ್ ಫೋಲ್ಡರ್‌ನಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಇಡಿ. ಮಲಗುವ ಮುನ್ನ ಸಿಸ್ಟಂಡಿ (ಸೇವೆಗಳನ್ನು ನಡೆಸುವ ವ್ಯವಸ್ಥೆ) ಅದಕ್ಕೆ ಪ್ರೀ ಎಂಬ ಪದವನ್ನೂ ಎದ್ದ ಮೇಲೆ ಪೋಸ್ಟ್ ಎಂಬ ಪದವನ್ನೂ ಕೊಡುತ್ತದೆ; ಮೊದಲನೆಯದಕ್ಕೆ ಮಾಡ್ಯೂಲ್ ಇಳಿಸಿ, ಎರಡನೆಯದಕ್ಕೆ ಏರಿಸಿದರೆ ಸಾಕು.

-12 ಬಂದರೆ ಕಾರಣ ಸ್ವಾಪ್ ಅಲ್ಲ, ರ‍್ಯಾಮ್. ಪ್ರತಿ ತೆಗೆಯುವಾಗ ಮೂಲವೂ ಪ್ರತಿಯೂ ಒಟ್ಟಿಗೆ ರ‍್ಯಾಮ್‌ನಲ್ಲಿ ಇರಬೇಕಾದ್ದರಿಂದ ಸುಮಾರು ಅರ್ಧದಷ್ಟು ರ‍್ಯಾಮ್ ತೆರವಾಗಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರ ಸ್ವಂತ ಮೆಮೊರಿಯಲ್ಲಿದ್ದದ್ದೂ ಇದೇ ಹೊತ್ತಿಗೆ ರ‍್ಯಾಮ್‌ಗೆ ಬಂದು ಕೂರಬಹುದು. /ಸಿಸ್/ಪವರ್/ಇಮೇಜ್_ಸೈಜ್‌ಗೆ 0 ಬರೆದರೆ ಕರ್ನಲ್ ಚಿತ್ರವನ್ನು ಸಾಧ್ಯವಾದಷ್ಟು ಕಿರಿದು ಮಾಡುತ್ತದೆ. ಇಲ್ಲದಿದ್ದರೆ ಅದರ ಗುರಿ ರ‍್ಯಾಮ್‌ನ ಐದರಲ್ಲಿ ಎರಡು ಪಾಲು, ನಿಮ್ಮಲ್ಲಿ ಸುಮಾರು 6.4 ಜಿಬಿ. ನೀವು ಸ್ವಾಪ್ ಹೆಚ್ಚಿಸಿದ್ದು ಫಲ ಕೊಡದಿರಲು ಇದೂ ಕಾರಣವಾಗಿರಬಹುದು.

ಪ್ಲಾಟ್‌ಫಾರ್ಮ್ ಹಂತದಲ್ಲಿ ಬಿದ್ದರೆ ಬಯಾಸ್‌ನ ಎಸಿಪಿಐ (ವಿದ್ಯುತ್ ನಿರ್ವಹಣೆಯ) ಭಾಗವನ್ನು ಸಂಶಯಿಸಬೇಕು. /ಸಿಸ್/ಪವರ್/ಡಿಸ್ಕ್‌ಗೆ ಶಟ್‌ಡೌನ್ ಎಂದು ಬರೆದು ಆ ಭಾಗವನ್ನು ಬಳಸದೆಯೇ ಹೈಬರ್ನೇಟ್ ಮಾಡಬಹುದು. ಕೊನೆಯ ಎರಡು ಹಂತಗಳಲ್ಲಿ ಬೀಳುವುದು ಅಪರೂಪ, ಬಿದ್ದರೆ ಬಳಕೆದಾರರು ಮಾಡಬಹುದಾದದ್ದು ಕಡಿಮೆ.

ಐದೂ ಹಂತ ದಾಟಿತೆಂದರೆ ಏಳುವ ಹಾದಿಗೆ ಬನ್ನಿ. ಪರೀಕ್ಷೆಗೆ /ಸಿಸ್/ಪವರ್/ಡಿಸ್ಕ್‌ನಲ್ಲಿ ಟೆಸ್ಟ್_ರೆಸ್ಯೂಮ್ ಎಂಬ ಬಗೆಯಿದೆ: ಚಿತ್ರವನ್ನು ಸ್ವಾಪ್‌ಗೆ ಬರೆದು, ಯಂತ್ರ ಆರಿಸದೆಯೇ, ಅದನ್ನು ಮರಳಿ ಓದಿ ಏಳುತ್ತದೆ. ಇದು ಸರಿಯಿದ್ದು ನಿಜವಾದ ಹೈಬರ್ನೇಟ್ ಮಾತ್ರ ಹೊಸದಾಗಿ ಬೂಟ್ ಆಗುತ್ತಿದ್ದರೆ ಹೊಸ ಕರ್ನಲ್‌ನ ಇನಿಟ್‌ರ‍್ಯಾಮ್‌ಎಫ್‌ಎಸ್ ನೋಡಿ. ಬೂಟ್‌ನ ಆರಂಭದಲ್ಲಿ ಬಳಕೆಯಾಗುವ ಈ ಚಿಕ್ಕ ಕಡತವ್ಯವಸ್ಥೆಯೇ ಉಳಿಸಿಟ್ಟ ಚಿತ್ರವನ್ನು ಹುಡುಕುತ್ತದೆ. ಪ್ರತಿ ಕರ್ನಲ್‌ಗೂ ಅದು ಬೇರೆಯೇ ಕಟ್ಟಲ್ಪಡುತ್ತದೆ; ಚಿತ್ರ ಎಲ್ಲಿದೆ ಎಂದು ಹೇಳುವ ರೆಸ್ಯೂಮ್ ಸೆಟ್ಟಿಂಗ್‌ನಲ್ಲಿರುವ ಯುಯುಐಡಿ (ವಿಭಾಗದ ಗುರುತುಸಂಖ್ಯೆ) ಈಗಿನ ಸ್ವಾಪ್‌ನದೇ ಎಂದು ತಾಳೆ ನೋಡಿ, ಏಕೆಂದರೆ ಗಾತ್ರ ಹೆಚ್ಚಿಸಲು ಸ್ವಾಪ್ ಅನ್ನು ಮತ್ತೆ ರಚಿಸಿದ್ದರೆ ಆ ಸಂಖ್ಯೆ ಬದಲಾಗಿರುತ್ತದೆ. ತಿದ್ದಿದ ಮೇಲೆ ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ ನಡೆಸಿ. ಯುಯುಐಡಿ ಸರಿಯಿದ್ದೂ ಲಾಗ್‌ನಲ್ಲಿ ‘ಇನ್‌ಕನ್ಸಿಸ್ಟೆಂಟ್ ಮೆಮೊರಿ ಮ್ಯಾಪ್’ ಎಂಬ ಮಾತು ಕಂಡರೆ, ಬಯಾಸ್ ಎರಡು ಬೂಟ್‌ಗಳಲ್ಲಿ ಎರಡು ಬಗೆಯ ಮೆಮೊರಿ ನಕ್ಷೆ ಕೊಟ್ಟಿದ್ದರಿಂದ ಕರ್ನಲ್ ಚಿತ್ರವನ್ನು ತಿರಸ್ಕರಿಸಿದೆ. ಬಯಾಸ್ ಅಪ್‌ಡೇಟ್ ಇದೆಯೇ ನೋಡಬೇಕು.

ಇಲ್ಲೊಂದು ಎಚ್ಚರಿಕೆ: ಹೈಬರ್ನೇಟ್ ಆದ ಯಂತ್ರವನ್ನು ಬೇರೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಅದೇ ವಿಭಾಗಗಳನ್ನು ಮೌಂಟ್ ಮಾಡಬೇಡಿ. ಆಮೇಲೆ ಹಳೆಯ ಚಿತ್ರದಿಂದ ಎದ್ದರೆ, ಡಿಸ್ಕ್ ಬದಲಾಗಿರುವುದು ಅದಕ್ಕೆ ತಿಳಿಯದೆ ಕಡತವ್ಯವಸ್ಥೆಯೇ ಹಾಳಾಗಬಹುದು. ಪರೀಕ್ಷೆಗೆ ಮೊದಲು ಬ್ಯಾಕಪ್ ತೆಗೆದಿಡಿ.

ದೋಷ ನಿರ್ದಿಷ್ಟ ಡ್ರೈವರ್‌ನದೆಂದು ಗೊತ್ತಾದರೆ, ಸೆಕ್ಯೂರ್ ಬೂಟ್ ಆಫ್ ಇರುವಾಗ ಉಬುಂಟುವಿನವರೇ ಕಟ್ಟಿಡುವ ಮೇನ್‌ಲೈನ್ (ಉಬುಂಟುವಿನ ತಿದ್ದುಪಡಿಗಳಿಲ್ಲದ ಮೂಲ) ಕರ್ನಲ್‌ಗಳಲ್ಲಿ ತೀರ ಹೊಸದನ್ನು ಹಾಕಿ ನೋಡಿ. ಅಲ್ಲಿ ಅದಾಗಲೇ ಸರಿಯಾಗಿರಬಹುದು. ಇಲ್ಲದಿದ್ದರೆ ದೋಷವನ್ನು ವರದಿ ಮಾಡಿ. ಒಂದು ಮುಖ್ಯ ಆವೃತ್ತಿಗೂ ಮುಂದಿನದಕ್ಕೂ ನಡುವೆ 10,000ಕ್ಕೂ ಹೆಚ್ಚು ಬದಲಾವಣೆಗಳಿರುತ್ತವೆ, ಆದರೂ ಬದಲಾವಣೆಗಳ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡಿ ಹುಡುಕುವ ಗಿಟ್ ಬೈಸೆಕ್ಟ್‌ನಿಂದ ಸುಮಾರು 14 ಬಾರಿ ಕಟ್ಟಿ ಪರೀಕ್ಷಿಸಿದರೆ ತಪ್ಪು ಮಾಡಿದ ಒಂದೇ ಬದಲಾವಣೆ ಸಿಗುತ್ತದೆ. ಅಷ್ಟು ತಾಳ್ಮೆ ಇಲ್ಲದಿದ್ದರೆ ಸರಿಯಿದ್ದ ಕೊನೆಯ ಆವೃತ್ತಿ, ಕೆಟ್ಟ ಮೊದಲ ಆವೃತ್ತಿ, ಪಿಎಂ_ಟೆಸ್ಟ್‌ನಲ್ಲಿ ಬಿದ್ದ ಹಂತ ಮತ್ತು ಪೂರ್ತಿ ಡಿಮೆಸ್ಜ್, ಈ ನಾಲ್ಕನ್ನು ಕೊಡಿ. ಎನ್‌ವಿಡಿಯಾದ ಖಾಸಗಿ ಡ್ರೈವರ್‌ನಂಥದ್ದು ಇದ್ದರೆ ಅದನ್ನು ತೆಗೆದು ಒಮ್ಮೆ ಪರೀಕ್ಷಿಸಿಯೇ ವರದಿ ಬರೆಯಿರಿ. ಹೊರಗಿನ ಮಾಡ್ಯೂಲ್ ಸೇರಿದ ಕರ್ನಲ್‌ನ ಲಾಗ್ ಅನ್ನು ಕರ್ನಲ್ ಬರೆಯುವವರು ಸಾಮಾನ್ಯವಾಗಿ ಪಕ್ಕಕ್ಕಿಡುತ್ತಾರೆ. ಡಿವೈಸಸ್ ಹಂತದಲ್ಲಿ ಬಂದ ಸಾಲನ್ನು ಈ ಉತ್ತರದ ಕೆಳಗೆ ಹಾಕಿದರೆ, ಯಾವ ಮಾಡ್ಯೂಲ್ ಇಳಿಸಬೇಕೆಂದು ನೋಡಿ ಹೇಳುತ್ತೇನೆ.