ತಾತನ ಕಾಲದ ರೈಲ್ವೆ ಫೋಟೋಗಳನ್ನು ಆ್ಯಪ್‌ನಲ್ಲಿ ಸರಿ ಮಾಡಿ ಹಾಕಬಹುದಾ?

ನಿಮ್ಮ ತಾತ ಮೈಸೂರಿನ ರೈಲ್ವೆಯಲ್ಲಿದ್ದರು, ಟ್ರಂಕಿನಲ್ಲಿ ಹಳೇ ಸ್ಟೇಷನ್, ಇಂಜಿನ್ ಫೋಟೋಗಳು ಸಿಕ್ಕಿವೆ, ಹರಿದು ಮಾಸಿಹೋಗಿವೆ, ಆ್ಯಪ್‌ಗೆ ಕೊಟ್ಟು ಹೊಸದು ಮಾಡಿ ಎಲ್ಲರಿಗೂ ತೋರಿಸಲಾ ಅಂತ ಕೇಳಿದ್ದೀರಿ. ತೋರಿಸಿ, ಖಂಡಿತ ತೋರಿಸಿ. ಆದರೆ ಆ್ಯಪ್‌ಗೆ ಆಮೇಲೆ ಹೋಗೋಣ.

ನಮ್ಮ ಮನೆಯಲ್ಲೂ ಇಂಥದ್ದೊಂದು ಕಟ್ಟು ಇದೆ. ಸೋದರಮಾವ ಮಂಡ್ಯ ಕಡೆ ಪಾಯಿಂಟ್ಸ್‌ಮನ್, ಅಂದರೆ ರೈಲಿಗೆ ಹಳಿ ಬದಲಿಸಿ ಕೊಡುವವರು, ಆಗಿದ್ದರು. ಆ ಫೋಟೋಗಳ ಜೊತೆ ಕೂತು ಕಲಿತದ್ದು ಇಷ್ಟು.

ಮೊದಲು ಸ್ಕ್ಯಾನ್. ಮೊಬೈಲಿನಲ್ಲಿ ತೆಗೆದರೆ ಲೈಟಿನ ಹೊಳಪು ಬೀಳುತ್ತೆ, ಗೆರೆಗಳು ಸೊಟ್ಟ ಆಗುತ್ತವೆ. ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇಡಿ, ಬೆಂಕಿಪೊಟ್ಟಣದಷ್ಟು ಚಿಕ್ಕದಾದರೆ 1200. ವಿವರ ಕುಗ್ಗದ ಟಿಫ್ (TIFF) ಫೈಲ್ ಮಾಡಿ ಇಟ್ಟುಕೊಳ್ಳಿ, ಅದನ್ನು ಮುಟ್ಟಬೇಡಿ, ಏನು ಮಾಡಿದರೂ ಕಾಪಿಯಲ್ಲಿ ಮಾಡಿ. ಕಪ್ಪು-ಬಿಳುಪು ಫೋಟೋ ಆದರೂ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಬಣ್ಣದ ಸ್ಕ್ಯಾನಿನಲ್ಲಿ ಕೆಂಪು, ಹಸಿರು, ನೀಲಿ ಅಂತ ಮೂರು ಪದರ (ಚಾನೆಲ್) ಇರುತ್ತೆ; ಹಳದಿ ಕಲೆ ನೀಲಿ ಚಾನೆಲ್‌ನಲ್ಲಿ ಎದ್ದು ಕಾಣುತ್ತೆ, ಕೆಂಪು ಚಾನೆಲ್‌ನಲ್ಲಿ ಹೆಚ್ಚು ಕಮ್ಮಿ ಮಾಯ, ಅದನ್ನೇ ಬಳಸಿ. ಅರ್ಧ ಕೆಲಸ ಅಲ್ಲೇ ಮುಗಿಯಿತು. ಹರಿದಿರುವುದಕ್ಕೆ ಸೆಲ್ಲೋಟೇಪ್ ಹಾಕಬೇಡಿ. ಗಾಜಿಗೆ ಅಂಟಿಕೊಂಡಿದ್ದರೆ ಕೀಳಲೇಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ.

ಹಿಂಭಾಗವನ್ನೂ ಸ್ಕ್ಯಾನ್ ಮಾಡಿ. ಇದನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ. ಸ್ಟುಡಿಯೋ ಸೀಲು, ಪೆನ್ಸಿಲಿನಲ್ಲಿ ಗೀಚಿದ ಹೆಸರು, ತಾರೀಖು ಎಲ್ಲ ಇರೋದು ಅಲ್ಲೇ.

ಈಗ ಆ್ಯಪ್ ವಿಷಯ. ಗೀರು, ಧೂಳು, ಮಡಿಕೆ ತೆಗೆಯುವುದಕ್ಕೆ ಪರವಾಗಿಲ್ಲ. 'ಸ್ಪಷ್ಟ ಮಾಡು' ಅಂತ ಒತ್ತಿದಿರೋ, ಅದು ಇಲ್ಲದ್ದನ್ನು ಸೇರಿಸುತ್ತೆ. ನಮ್ಮ ಒಂದು ಫೋಟೋದಲ್ಲಿ ಮಸುಕಾಗಿದ್ದ ಕನ್ನಡ ಬೋರ್ಡನ್ನು ಯಾವ ಲಿಪಿಯೂ ಅಲ್ಲದ ಸುರುಳಿ ಮಾಡಿಬಿಟ್ಟಿತು. ಪಕ್ಕದಲ್ಲಿದ್ದ ಗಾರ್ಡ್‌ಗೆ ಯಾವುದೋ ಸಿನಿಮಾ ಹೀರೋ ಮುಖ! ಬಣ್ಣ ಹಚ್ಚುವುದೂ ಇದೇ ಕಥೆ. ಫೋಟೋದಲ್ಲಿರುವ ರೈಲು ಡಬ್ಬಿಗೆ ಯಾವ ಬಣ್ಣ ಇತ್ತು ಅಂತ ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು? ಹಚ್ಚಿದರೂ ಮೂಲ ಫೋಟೋವನ್ನು ಪಕ್ಕದಲ್ಲೇ ಹಾಕಿ, ಬಣ್ಣ ನಮ್ಮದು ಅಂತ ಬರೆಯಿರಿ.

ನಿಜವಾದ ಮಜಾ ಇರೋದು ಫೋಟೋ ಯಾವ ಕಾಲದ್ದು ಅಂತ ಹುಡುಕುವುದರಲ್ಲಿ. ಬೆಂಗಳೂರಿಂದ ಮೈಸೂರಿಗೆ ರೈಲು ಬಂದಿದ್ದು 1882ರಲ್ಲಿ, ನಂಜನಗೂಡಿಗೆ ಮುಂದುವರಿದದ್ದು 1891ರಲ್ಲಿ. ಎಲ್ಲ ಮೀಟರ್ ಗೇಜ್, ಅಂದರೆ ಹಳಿ ಹಳಿ ನಡುವೆ 1000 ಮಿಲಿಮೀಟರ್. ಬೆಂಗಳೂರು ಕಡೆಯ ಹಳಿ 1676 ಮಿಲಿಮೀಟರಿನ ಬ್ರಾಡ್ ಗೇಜ್ ಆಗಿದ್ದು 1990ರ ದಶಕದಲ್ಲಿ. ಹಾಗಾಗಿ ಮಂಡ್ಯ ಸ್ಟೇಷನ್ನಿನಲ್ಲಿ ಮೀಟರ್ ಗೇಜ್ ಹಳಿ ಕಂಡರೆ ಅದಕ್ಕಿಂತ ಹಿಂದಿನದು. ಡಬ್ಬಿ ಮೇಲೆ ಮೈಸೂರು ಸ್ಟೇಟ್ ರೈಲ್ವೆಯ ಅಕ್ಷರ ಇದ್ದರೆ, ಆ ಡಬ್ಬಿಗೆ ಅದನ್ನು ಬರೆದದ್ದು ದಕ್ಷಿಣ ರೈಲ್ವೆ ಶುರುವಾದ 1951ಕ್ಕೆ ಮೊದಲು. ಡಬ್ಬಿಗೆ ಮತ್ತೆ ಪೇಂಟ್ ಬೀಳುವುದು ತಡ ಆಗಿರಬಹುದು, ಅದೂ ನೆನಪಿರಲಿ. ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ, ಆ ಹೆಸರು ಕಂಡರೆ ಫೋಟೋ ಅದರ ನಂತರದ್ದು. ಇಂಜಿನ್ ಮೇಲೆ ವೈಪಿ ಅಂತ ಇದ್ದರೆ ಅದು ಮೀಟರ್ ಗೇಜಿನ ಉಗಿ ಇಂಜಿನ್, 1940ರ ದಶಕದ ಕೊನೆಯ ನಂತರದ್ದು. ವೈಡಿಎಂ4 ಅಂದರೆ ಡೀಸೆಲ್, 60ರ ದಶಕದಿಂದ ಈಚೆಗೆ. ಶ್ರೀರಂಗಪಟ್ಟಣದ ಹಳಿ ಪಕ್ಕದಲ್ಲಿ ಟಿಪ್ಪುವಿನ ಮದ್ದಿನ ಮನೆ (ಶಸ್ತ್ರಾಗಾರ) ಹಳೇ ಜಾಗದಲ್ಲೇ ಕಂಡರೆ 2017ಕ್ಕೆ ಮೊದಲಿನದು. ಜೋಡಿ ಹಳಿ ಹಾಕಲು ಆ ವರ್ಷ ಇಡೀ ಕಟ್ಟಡವನ್ನೇ ಎತ್ತಿ ಬೇರೆ ಕಡೆ ಇಟ್ಟರು.

ಬಣ್ಣದ ಫೋಟೋ ಪೂರ್ತಿ ಕೆಂಪಾಗಿದ್ದರೆ ಹೆದರಬೇಡಿ. 70-80ರ ದಶಕದ ಪ್ರಿಂಟುಗಳಲ್ಲಿ ಹಸಿರು-ನೀಲಿ ಬಣ್ಣ ಬೇಗ ಹಾರಿಹೋಗುತ್ತೆ. ಸ್ಕ್ಯಾನ್ ಆದ ಮೇಲೆ ಬಣ್ಣದ ಲೆವೆಲ್ ತಿದ್ದಿದರೆ ಸಾಕಷ್ಟು ವಾಪಸ್ ಬರುತ್ತೆ.

ಇಂಜಿನ್ ಹೋಲಿಸಿ ನೋಡಬೇಕಾದರೆ ಮೈಸೂರಿನ ಕೆಆರ್‌ಎಸ್ ರಸ್ತೆಯ ರೈಲು ಮ್ಯೂಸಿಯಂಗೆ ಹೋಗಿ. 1979ರಲ್ಲಿ ಶುರುವಾದದ್ದು, ಮಹಾರಾಣಿ ಓಡಾಡುತ್ತಿದ್ದ ಸಲೂನ್ ಡಬ್ಬಿ ಅಲ್ಲೇ ಇದೆ. ಚಾಮುಂಡಿ ಗ್ಯಾಲರಿಯಲ್ಲಿ ರೈಲ್ವೆಯ ಹಳೇ ಫೋಟೋಗಳೂ ಇವೆ. ಅದಕ್ಕಿಂತ ಜಾಸ್ತಿ ಉಪಯೋಗ ಆಗೋದು ಅಶೋಕಪುರಂ ವರ್ಕ್‌ಶಾಪಿನಲ್ಲಿ ರಿಟೈರ್ ಆದ ಹಿರಿಯರು. ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗಿ, ಮೊಬೈಲಲ್ಲಿ ಅವರಿಗೆ ಕಾಣಲ್ಲ. ಸುಮ್ನೆ ಮುಂದೆ ಇಟ್ಟು, ಮಾತು ರೆಕಾರ್ಡ್ ಮಾಡಲಾ ಅಂತ ಕೇಳಿ. 'ಇವನು ನಮ್ಮ ಫೈರ್‌ಮನ್ನು' (ಉಗಿ ಇಂಜಿನ್ನಿಗೆ ಕಲ್ಲಿದ್ದಲು ಹಾಕುವವನು) ಅಂತ ಶುರು ಮಾಡಿದರೆ ಆ ದಿನದ ಡ್ಯೂಟಿ, ಜಗಳ, ಊಟ ಎಲ್ಲ ಬರುತ್ತೆ. ಯಾರು ಹೇಳಿದರು ಅನ್ನೋದನ್ನೂ ಬರೆದಿಟ್ಟುಕೊಳ್ಳಿ.

ಹಂಚಿಕೊಳ್ಳೋದಕ್ಕೆ ವಾಟ್ಸಾಪ್ ಬೇಡ. ಫೋಟೋ ಕುಗ್ಗುತ್ತೆ, ವಿವರ ಉದುರಿಹೋಗುತ್ತೆ. ಯಾರು ಬೇಕಾದರೂ ಬಳಸಬಹುದಾದ ಫೋಟೋಗಳ ತಾಣ ವಿಕಿಮೀಡಿಯಾ ಕಾಮನ್ಸ್ ಒಳ್ಳೆಯದು, ಕನ್ನಡದಲ್ಲೇ ವಿವರ ಬರೆಯಬಹುದು. ತೆಗೆದವರು ತಾತನೇ ಆಗಿದ್ದರೆ ವಾರಸುದಾರರೆಲ್ಲ ಒಪ್ಪಿದರೆ ಆಯ್ತು. ಸ್ಟುಡಿಯೋದವರು ತೆಗೆದದ್ದಾದರೆ ಹಕ್ಕು ಯಾರದ್ದು ನೋಡಿ. 2012ರ ತಿದ್ದುಪಡಿಗೆ ಮೊದಲು ಫೋಟೋಗೆ ಹಕ್ಕುಸ್ವಾಮ್ಯ ಪ್ರಕಟವಾದ ಮೇಲೆ 60 ವರ್ಷ ಇತ್ತು; ಈಗ ತೆಗೆದವರು ತೀರಿಕೊಂಡ ಮೇಲೆ 60 ವರ್ಷ.

ಕಟ್ಟಿನಲ್ಲಿ ನಂಜನಗೂಡಿನ ಹಳೇ ಕಲ್ಲಿನ ಸೇತುವೆ ಮೇಲೆ ರೈಲು ಇರುವ ಫೋಟೋ ಏನಾದರೂ ಇದೆಯಾ? 1735ರ ಸೇತುವೆ ಅದು. ಕಪಿಲೆ (ಕಬಿನಿ) ಹೊಳೆ ಮೇಲೆ ರಸ್ತೆಯೂ ಹಳಿಯೂ ಅದರಲ್ಲೇ ಅಕ್ಕಪಕ್ಕ ಇದ್ದವು. ಈಗ ರೈಲು ಬೇರೆ ಸೇತುವೆ ಮೇಲೆ ಹೋಗುತ್ತೆ. ಇದ್ದರೆ ಅದನ್ನೇ ಮೊದಲು ಸ್ಕ್ಯಾನ್ ಮಾಡಿ.