ಬಿಸಿ ಪಾಕ ಬಿದ್ದರೂ ಒಳಗಿನ ಚಾಕೊಲೇಟ್ ಏಕೆ ಕರಗುವುದಿಲ್ಲ?

ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಚಾಕೊಲೇಟಿಗೆ ಗಟ್ಟಿ ಸಕ್ಕರೆಯ ಬಣ್ಣದ ಕವಚವನ್ನು ಹೇಗೆ ತೊಡಿಸುತ್ತಾರೆ, ಬಿಸಿ ಪಾಕದಲ್ಲಿ ಅದ್ದಿದರೆ ಅದು ಕರಗಿಹೋಗುವುದಿಲ್ಲವೇ ಎಂದು ಕೇಳಿದ್ದೀರಿ. ಮಿಠಾಯಿ ಕಾರ್ಖಾನೆಯೊಂದರ ಲೇಪನ ವಿಭಾಗದಲ್ಲಿ ಕೆಲವು ವರ್ಷ ದುಡಿದ ಅನುಭವದಿಂದ ಹೇಳುತ್ತೇನೆ: ಅದ್ದುವ ಕೆಲಸವೇ ಅಲ್ಲಿಲ್ಲ. ಕವಚವನ್ನು ಪದರದ ಮೇಲೆ ಪದರವಾಗಿ ಬೆಳೆಸುತ್ತಾರೆ.

ಮೊದಲು ಒಳಗಿನ ಗುಂಡುಗಳು ಸಿದ್ಧವಾಗಬೇಕು. ಟೆಂಪರಿಂಗ್ ಮಾಡಿ, ಅಂದರೆ ನಿಗದಿತ ಉಷ್ಣತೆಗಳಲ್ಲಿ ಕಾಯಿಸಿ ತಣಿಸಿ, ಹದಕ್ಕೆ ತಂದ ದ್ರವ ಚಾಕೊಲೇಟನ್ನು, ಎದುರುಬದುರಾಗಿ ತಿರುಗುವ ಎರಡು ತಣ್ಣನೆಯ ರೋಲರ್‌ಗಳ ನಡುವೆ ಬಿಡುತ್ತಾರೆ. ಎರಡರ ಮೇಲೂ ಇರುವ ಪುಟ್ಟ ಗುಳಿಗಳು ಒಂದಕ್ಕೊಂದು ಸರಿಯಾಗಿ ಕೂಡಿದಾಗ, ತೆಳುವಾದ ಚಾಕೊಲೇಟ್ ಹಾಳೆಯೊಂದರಲ್ಲಿ ಪೋಣಿಸಿದಂತೆ ಗುಂಡುಗಳು ಹೊರಬರುತ್ತವೆ. ತಂಪು ಸುರಂಗವನ್ನು ದಾಟಿ ಗಟ್ಟಿಯಾದ ಮೇಲೆ ಅವು ರಂಧ್ರಗಳಿರುವ ಡ್ರಮ್ಮಿನಲ್ಲಿ ಉರುಳಾಡುತ್ತವೆ; ಅಂಚಿನ ಹಾಳೆ ಮುರಿದು ಕೆಳಗೆ ಉದುರುತ್ತದೆ, ಅದನ್ನು ಮತ್ತೆ ಕರಗಿಸಿ ಬಳಸುತ್ತಾರೆ.

ಈ ಗುಂಡುಗಳ ಆಕಾರವನ್ನು ಗಮನಿಸಿ. ಎರಡೂ ಮೈ ಉಬ್ಬಿರುವುದು ಕೇವಲ ಅಂದಕ್ಕಾಗಿ ಅಲ್ಲ. ಮೈ ಚಪ್ಪಟೆಯಾಗಿದ್ದರೆ ಒದ್ದೆಯಾದ ಗುಂಡುಗಳು ಒಂದಕ್ಕೊಂದು ಅಂಟಿ ಜೋಡಿಯಾಗುತ್ತವೆ. ಉಬ್ಬಿದ್ದರೆ ಒಂದು ಬಿಂದುವಿನಲ್ಲಷ್ಟೇ ತಾಗಿ ಜಾರಿಕೊಳ್ಳುತ್ತವೆ.

ಇನ್ನು ನಿಮ್ಮ ಪ್ರಶ್ನೆಯ ತಿರುಳು. ತಿರುಗುವ ಡ್ರಮ್ಮಿನಲ್ಲಿ ಉರುಳುತ್ತಿರುವ ಗುಂಡುಗಳ ಮೇಲೆ ದಟ್ಟವಾದ ಸಕ್ಕರೆ ಪಾಕವನ್ನು ಒಮ್ಮೆಗೆ ಸ್ವಲ್ಪವೇ ಸಿಂಪಡಿಸುತ್ತಾರೆ. ಗುಂಡುಗಳ ಒಟ್ಟು ತೂಕದ ಮುಂದೆ ಆ ಪಾಕ ಎಷ್ಟು ಕಡಿಮೆಯೆಂದರೆ, ಅದರ ಬಿಸಿ ಚಾಕೊಲೇಟನ್ನು ಕರಗಿಸಲು ಸಾಲದು. ಪಾಕ ಎಲ್ಲೆಡೆ ಹರಡಿದ ಮೇಲೆ ತಣ್ಣನೆಯ ಒಣಗಾಳಿಯನ್ನು ಹಾಯಿಸುತ್ತಾರೆ. ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ತನ್ನೊಂದಿಗೆ ಕೊಂಡೊಯ್ಯುತ್ತದೆ, ಸಕ್ಕರೆ ಸೂಕ್ಷ್ಮ ಹರಳುಗಳಾಗಿ ಕೂರುತ್ತದೆ. ಗುಂಡುಗಳು ಪರಸ್ಪರ ಉಜ್ಜಿಕೊಂಡು ಮೈಯನ್ನು ನಯಗೊಳಿಸುತ್ತವೆ. ಆಮೇಲೆ ಮುಂದಿನ ಪದರ. ಹೀಗೆ ಗಂಟೆಗಟ್ಟಲೆ, ಹತ್ತಾರು ಬಾರಿ. ಹಿಂದಿನ ಪದರ ಒಣಗುವ ಮುನ್ನವೇ ಪಾಕ ಹಾಕಿದರೆ ತೇವ ಒಳಗೆ ಉಳಿದು, ಮುಂದೆ ಕವಚದಲ್ಲಿ ಕಲೆಗಳು ಮೂಡುತ್ತವೆ. ಒಮ್ಮೆ ಪಾಕದ ಪ್ರಮಾಣ ಹೆಚ್ಚಾಗಿ ಇಡೀ ಡ್ರಮ್ಮಿನ ಸರಕು ಗಂಟುಗಂಟಾಗಿ ಅಂಟಿದ್ದನ್ನು ನಾನೇ ಕಂಡಿದ್ದೇನೆ. ಈ ಕೆಲಸದಲ್ಲಿ ತಾಳ್ಮೆಗಿಂತ ದೊಡ್ಡ ಕೌಶಲವಿಲ್ಲವೆಂದು ಅಂದೇ ನನಗೆ ಮನದಟ್ಟಾಯಿತು.

ಬಣ್ಣ ಬರುವುದು ಕೊನೆಯ ಕೆಲವು ಪದರಗಳಲ್ಲಿ ಮಾತ್ರ. ಚಾಕೊಲೇಟಿನ ಕಂದು ಇಣುಕಿ ಬಣ್ಣವನ್ನು ಮಂಕಾಗಿಸದಿರಲೆಂದು ಅದಕ್ಕೂ ಮೊದಲು ಬಿಳಿಯ ಪದರ ಕೊಡುವುದುಂಟು. ಇದಕ್ಕೆ ಬಹುಕಾಲ ಬಳಸುತ್ತಿದ್ದ ಟೈಟಾನಿಯಂ ಡೈಆಕ್ಸೈಡನ್ನು ಯುರೋಪಿಯನ್ ಒಕ್ಕೂಟ 2022ರಲ್ಲಿ ಆಹಾರದಲ್ಲಿ ನಿಷೇಧಿಸಿತು.

ಕೊನೆಗೆ ತಾಳೆ ಜಾತಿಯ ಮರದ ಎಲೆಯಿಂದ ಸಿಗುವ ಕಾರ್ನೌಬಾ ಮೇಣದಿಂದ ಹೊಳಪು ಕೊಡುತ್ತಾರೆ. ಅಕ್ಷರ ಮುದ್ರಿಸುವುದಾದರೆ, ಗುಂಡುಗಳನ್ನು ಗುಳಿಗಳಿರುವ ಪಟ್ಟಿಯ ಮೇಲೆ ಕೂರಿಸಿ, ತಿನ್ನಬಹುದಾದ ಶಾಯಿ ಹಚ್ಚಿದ ಮೆತ್ತನೆಯ ರಬ್ಬರ್ ರೋಲರನ್ನು ಕವಚ ಒಡೆಯದಷ್ಟು ಹಗುರವಾಗಿ ತಾಗಿಸುತ್ತಾರೆ. ಎಂ ಆ್ಯಂಡ್ ಎಂ ಎಂಬ ಅಮೆರಿಕದ ಹೆಸರಾಂತ ಬಣ್ಣದ ಚಾಕೊಲೇಟ್ ಗುಂಡುಗಳ ಮೇಲಿನ ಅಕ್ಷರ 1950ರಲ್ಲಿ ಕಪ್ಪಾಗಿ ಮೊದಲು ಬಂದು, 1954ರಲ್ಲಿ ಬಿಳಿಯಾಯಿತು.