ತಪಸ್ಸು ಕಾಲದಲ್ಲಿ ಕತೆ ಪುಸ್ತಕವೇ?

ಪ್ರಿಯ ಸೋದರಿ,

ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗುವ ವಿಭೂತಿ ಬುಧವಾರದ ಮರುದಿನ ನೀವು ಬರೆದ ಪತ್ರ ತಲುಪಿತು. ಈ ಸಲ ಮೀನು-ಮಾಂಸ ಬಿಡುವುದರ ಜೊತೆಗೆ ಒಂದು ದೊಡ್ಡ ಕಾದಂಬರಿಯನ್ನೂ ಓದೋಣವೆಂದು ನೀವು ಹೊರಟಿರಿ, “ಈ ನಲವತ್ತು ದಿನ ಬೈಬಲ್ ಬಿಟ್ಟು ಕತೆ ಪುಸ್ತಕವೇ?” ಎಂದರಂತೆ ನಿಮ್ಮ ಅತ್ತೆ. ಯಾರದು ಸರಿ ಎಂದು ಕೇಳಿದ್ದೀರಿ. ಅತ್ತೆ-ಸೊಸೆಯ ನಡುವೆ ತೀರ್ಪು ಕೊಡುವಷ್ಟು ಧೈರ್ಯ ನನಗಿಲ್ಲ. ಆದರೆ ಅತ್ತೆಯವರ ಅನುಮಾನ ನನ್ನ ಕಸುಬಿನ ಸಂಪಾದಕರಿಗೂ ಬಂದದ್ದುಂಟು.

ದಸ್ತಯೇವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ 1866ರಲ್ಲಿ ರಷ್ಯದ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲೊಂದು ರಾತ್ರಿ. ಕೊಲೆ ಮಾಡಿ ಅದನ್ನು ಬಚ್ಚಿಟ್ಟುಕೊಂಡಿರುವ ನಾಯಕ ರಸ್ಕೋಲ್ನಿಕೋವ್, ಮನೆಯವರ ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳುವ ಸೋನ್ಯಾಳ ಕೋಣೆಗೆ ಹೋಗುತ್ತಾನೆ. ಅಲ್ಲಿ ಬೈಬಲಿನ ಏಸುವಿನ ಭಾಗವಾದ ಹೊಸ ಒಡಂಬಡಿಕೆಯ ಸವೆದುಹೋದ ಒಂದು ಪ್ರತಿ ಕಣ್ಣಿಗೆ ಬೀಳುತ್ತದೆ. ಎಲ್ಲಿಂದ ಬಂತು ಎಂದರೆ, ಲಿಜವೆತಾ ತಂದುಕೊಟ್ಟದ್ದು ಎನ್ನುತ್ತಾಳೆ. ಅವನ ಕೊಡಲಿಗೆ ಬಲಿಯಾದ ಇಬ್ಬರಲ್ಲಿ ಒಬ್ಬಳು ಈ ಲಿಜವೆತಾ! ಅದರಿಂದಲೇ, ಸತ್ತು ಸಮಾಧಿ ಸೇರಿದ್ದು ಏಸುವಿನ ಕರೆಗೆ ಎದ್ದುಬಂದ ಲಾಜರನ ಕತೆ ಓದು ಎಂದು ಹಟ ಹಿಡಿಯುತ್ತಾನೆ. ಮೂರನೇ ಪದಕ್ಕೇ ಸೋನ್ಯಾಳ ಗಂಟಲು ಕಟ್ಟುತ್ತದೆ. ಸತ್ತು ನಾಲ್ಕು ದಿನವಾಯಿತು ಎಂಬಲ್ಲಿ ಆ ‘ನಾಲ್ಕು’ ಅನ್ನು ಒತ್ತಿ ಓದುತ್ತಾಳೆ. ಮುಗಿಯುವ ಹೊತ್ತಿಗೆ ಮೋಂಬತ್ತಿಯ ತುಂಡು ಆರಲು ಬಂದಿರುತ್ತದೆ.

ಪತ್ರಿಕೆಯವರಿಗೆ ಈ ಅಧ್ಯಾಯ ಹಿಡಿಸಲಿಲ್ಲ. ಅಂಥವಳ ಬಾಯಲ್ಲಿ ಶುಭಸಂದೇಶವೇ ಎಂದು ಲೇಖಕನಿಂದಲೇ ತಿದ್ದಿ ಬರೆಸಿದರು. ಸಂಪಾದಕರ ಕೆಂಪು ಶಾಯಿಯ ಬಗ್ಗೆ ನನಗೆ ನಾಚಿಕೆಯಾಗುವ ಪ್ರಸಂಗಗಳಲ್ಲಿ ಇದೂ ಒಂದು.

ತಪಸ್ಸು ಕಾಲದ ಐದನೇ ಭಾನುವಾರ, ಮೂರು ವರ್ಷದ ಸುತ್ತಿನಲ್ಲೊಮ್ಮೆ, ಪೂಜೆಯಲ್ಲಿ ಓದುವುದೂ ಇದೇ ಲಾಜರನ ಪಾಠ. ಕೇಳಿ ಕೇಳಿ ನಮ್ಮ ಕಿವಿ ಜಡ್ಡುಗಟ್ಟಿದೆ. ಕೊಲೆಗಾರನ ಪಕ್ಕ ಕೂತು ಕೇಳಿದರೆ ಮಾತ್ರ ಆ ನಾಲ್ಕು ದಿನದ ನಾತ ಮೂಗಿಗೆ ಬಡಿಯುತ್ತದೆ. ಅತ್ತೆಯವರಿಗೆ ನಾನು ಹೇಳಬಹುದಾದದ್ದು ಇಷ್ಟೇ.

ಪಟ್ಟಿ ಕೇಳಿದ್ದೀರಿ, ಕೊಡುವುದಿಲ್ಲ. ಒಂದೇ ಪುಸ್ತಕ ಸಾಕು, ದಿನಕ್ಕಿಷ್ಟು ಪುಟ ಎಂಬ ಲೆಕ್ಕವೂ ಬೇಡ. ನರಕದಿಂದ ಸ್ವರ್ಗದವರೆಗಿನ ಪಯಣವನ್ನು ಕಾವ್ಯವಾಗಿಸಿದ ಇಟಲಿಯ ಕವಿ ಡಾಂಟೆಯನ್ನು ಹಿಡಿದರೆ ನರಕದಲ್ಲೇ ಪುಸ್ತಕ ಮುಚ್ಚಬೇಡಿ, ಹೆಚ್ಚಿನವರು ಮಾಡುವುದು ಅದನ್ನೇ. ಅವನು ಈಸ್ಟರ್ ಬೆಳಗಿಗೆ ನರಕದಿಂದ ಹೊರಬೀಳುತ್ತಾನೆ. ತಪಸ್ಸು ಕಾಲಕ್ಕೆ ಒಪ್ಪುವುದು ಅಲ್ಲಿಂದ ಶುರುವಾಗುವ, ಪಾಪ ತೊಳೆದುಕೊಳ್ಳುವ ಬೆಟ್ಟ. ಅದರಲ್ಲಿ ಅಹಂಕಾರಿಗಳು ಬಂಡೆ ಹೊತ್ತು ಬೆನ್ನು ಬಾಗಿ ನಡೆಯುತ್ತಾರೆ. ಕನ್ನಡದ್ದೇ ಬೇಕೆಂದರೆ ಮಂಜೇಶ್ವರ ಗೋವಿಂದ ಪೈಗಳ ‘ಗೊಲ್ಗೊಥಾ’ ಇದೆ, ಏಸುವಿನ ಕೊನೆಯ ದಿನದ ಖಂಡಕಾವ್ಯ. ಭಾಷೆ ಗಟ್ಟಿ, ಅತ್ತೆಯವರಿಗೂ ಕೇಳುವಂತೆ ಜೋರಾಗಿ ಓದಿ.

ನನ್ನ ಆಯ್ಕೆ ಮಾತ್ರ ಆ ರಷ್ಯನ್ ಕಾದಂಬರಿಯೇ. 1850ರಲ್ಲಿ ಸೈಬೀರಿಯದ ಸೆರೆಮನೆಗೆ ಹೋಗುವ ದಾರಿಯಲ್ಲಿ, ತೊಬೋಲ್ಸ್ಕ್‌ನಲ್ಲಿ, ಗಡೀಪಾರಾದವರ ಹೆಂಡಂದಿರು ದಸ್ತಯೇವ್‌ಸ್ಕಿಯ ಕೈಗೂ ಒಂದು ಹೊಸ ಒಡಂಬಡಿಕೆ ಕೊಟ್ಟಿದ್ದರು. ಸೆರೆಯ ನಾಲ್ಕು ವರ್ಷವೂ ಅದು ಅವನ ಬಳಿಯಿತ್ತು. ಕೊಲೆ ಒಪ್ಪಿಕೊಂಡು ಸೈಬೀರಿಯದ ಸೆರೆ ಸೇರಿದ ಅವನ ನಾಯಕನಿಗೂ ಅಲ್ಲೇ ತಪಸ್ಸು ಕಾಲ ಬರುತ್ತದೆ. ಎರಡನೇ ವಾರ ಉಳಿದ ಕೈದಿಗಳ ಜೊತೆ ಚರ್ಚಿಗೆ ಹೋಗುತ್ತಾನೆ. ಒಂದು ದಿನ ಅವರು, “ನೀನು ದೇವರಿಲ್ಲದವನು, ನಿನ್ನನ್ನು ಕೊಲ್ಲಬೇಕು” ಎಂದು ಮೇಲೆ ಬೀಳುತ್ತಾರೆ. ಈಸ್ಟರ್ ಕಳೆಯುವುದು ಆಸ್ಪತ್ರೆಯ ಹಾಸಿಗೆಯಲ್ಲಿ. ಕೊನೆಯ ಪುಟದಲ್ಲಿ ಅವನ ದಿಂಬಿನಡಿ ಇರುವುದು ಲಾಜರನ ಕತೆ ಓದಿದ ಅದೇ ಪುಸ್ತಕ. ಕೈಗೆತ್ತಿಕೊಳ್ಳುತ್ತಾನೆ. ತೆರೆಯುವುದಿಲ್ಲ.

ಅಲ್ಲಿಗೆ ತಲುಪಿದ ದಿನ ಇನ್ನೊಂದು ಪತ್ರ ಬರೆಯಿರಿ.

— ಸಂಪಾದಕ